ಹಲ್ಲಿನ ಡಾಕ್ಟರ್ ಆಗಿದ್ದುಕೊಂಡು ಆಟೋಟದ ಸಾಮಾನು ಕಂಡುಹಿಡಿಯೋಕೆ ಆಗುತ್ತಾ?

ಬಿಡಿಎಸ್ ಮುಗಿಸಿ ಸಣ್ಣ ಊರಲ್ಲಿ ಕ್ಲಿನಿಕ್ ಹಾಕ್ತೀನಿ, ಜೊತೆಗೆ ಆಟೋಟದ ಸಾಮಾನು ಕಂಡುಹಿಡಿಯುವ ಆಸೆ ಇದೆ, ಇದು ಆಗುವ ಮಾತಾ ಎಂದು ಕೇಳಿದ್ದೀರಿ. ನಾನು ಮಂಡ್ಯ ಕಡೆಯ ಹಲ್ಲಿನ ಡಾಕ್ಟರ್. ಆಗುವ ಮಾತೇ. ದುಡ್ಡಿನ ಲೆಕ್ಕ ಮಾತ್ರ ಈಗಲೇ ಹಾಕಬೇಡಿ.

ನಮ್ಮೂರಲ್ಲಿ ಕಬಡ್ಡಿ ಆಡುವ ಹುಡುಗನೊಬ್ಬ ಮುಂದಿನ ಹಲ್ಲು ಮುರಿದುಕೊಂಡು ಬಂದಿದ್ದ. ಎದುರಾಳಿಯ ಮೊಣಕಾಲು ತಗುಲಿತ್ತು. ಸರಿ ಮಾಡಿ ಕಳಿಸುವಾಗ, "ಸಾರ್, ಇನ್ನೊಂದ್ಸಲ ಮುರಿದ್ರೆ ನಮ್ಮಮ್ಮ ಆಡೋಕೇ ಬಿಡಲ್ಲ" ಅಂದ. ಹಲ್ಲಿಗೆ ಪೆಟ್ಟು ಬೀಳದ ಹಾಗೆ ಹಾಕಿಕೊಳ್ಳುವ ಕವಚ, ಅಂದರೆ ಬಿಸಿನೀರಲ್ಲಿ ಅದ್ದಿ ಕಚ್ಚುವ ಅಂಗಡಿಯ ಮೌತ್‌ಗಾರ್ಡ್, ಅವನ ಬಾಯಲ್ಲಿ ನಿಲ್ಲಲಿಲ್ಲ. ನಾನೇ ಮಾಡಿಕೊಡೋಣ ಅಂತ ಮೇಲಿನ ಹಲ್ಲುಗಳ ಅಳತೆ ತೆಗೆದೆ, ಪ್ಲಾಸ್ಟರ್ ಅಚ್ಚು ಮಾಡಿದೆ, 4 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಶೀಟ್ ಕಾಯಿಸಿ ವ್ಯಾಕ್ಯೂಮ್ ಮೆಷಿನ್ನಲ್ಲಿ ಅದರ ಮೇಲೆ ಇಳಿಸಿದೆ. ಅಚ್ಚು ಪೂರ್ತಿ ಒಣಗಿರಲಿಲ್ಲ. ಮೊದಲನೇದು ಗುಳ್ಳೆ ಎದ್ದು ಹಪ್ಪಳದ ಹಾಗಾಯಿತು. ಎರಡನೇದು ಗಟ್ಟಿಯಾಗಿ ಕೂತಿತು.

ಮಾರನೇ ದಿನವೇ ಹುಡುಗ ವಾಪಸ್. "ಸಾರ್, ಕಬಡ್ಡಿ ಅನ್ನೋಕಾಗ್ತಿಲ್ಲ."

ಬಾಕ್ಸರ್ ಬಾಯಿ ಬಿಗಿದುಕೊಂಡು ಆಡಬಹುದು. ರೈಡರ್‌ಗೆ ಆ ಭಾಗ್ಯ ಇಲ್ಲ. ಎದುರು ಅಂಕಣಕ್ಕೆ ಹೋದವನು ಬಿಡದೆ ಕಬಡ್ಡಿ ಕಬಡ್ಡಿ ಅನ್ನಲೇಬೇಕು, ಅಂಪೈರ್‌ಗೆ ಕೇಳಿಸಲೇಬೇಕು. 'ಡ್ಡಿ' ಬರಬೇಕಾದರೆ ನಾಲಿಗೆ ಮಡಚಿ ಅಂಗುಳಕ್ಕೆ ತಾಗಬೇಕು, ಅಲ್ವಾ? ನಾನು ಅಂಗುಳಕ್ಕೂ ಶೀಟ್ ಹೊದಿಸಿಬಿಟ್ಟಿದ್ದೆ. ಅವನು "ಕಬಲ್ಲಿ ಕಬಲ್ಲಿ" ಅಂತಿದ್ದ. ಕುರ್ಚಿಯಲ್ಲಿ ಕೂರಿಸಿ, ಒಳಗಡೆ ಚೂರು ಚೂರೇ ಕತ್ತರಿಸಿ, ಅಂಚು ತೀಡಿ, ಪ್ರತಿ ಸಲವೂ ಕಬಡ್ಡಿ ಅನ್ನಿಸಿದೆ. ಹೊರಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಬಾಗಿಲು ತೆಗೆದು ಇಣುಕಿಯೇಬಿಟ್ಟರು. ಒಳಗಿನ ಅಂಚು ಒಸಡಿನ ಹತ್ತಿರಕ್ಕೆ ಬಂದಾಗ 'ಡ್ಡಿ' ಸರಿಯಾಗಿ ಬಂತು. ಮುಂದಿನ ದಪ್ಪ ಮಾತ್ರ ಮುಟ್ಟಲಿಲ್ಲ. ಪೆಟ್ಟು ಬೀಳೋದೇ ಅಲ್ಲಿ.

ಇದನ್ನು ದೊಡ್ಡ ಸಂಶೋಧನೆ ಅಂತ ನಾನೇನೂ ಹೇಳಲ್ಲ. ಅಳತೆ, ಅಚ್ಚು, ತೀಡೋದು, ಮಾತು ಸರಿ ಬರುತ್ತಾ ನೋಡೋದು, ಎಲ್ಲಾ ನಮ್ಮ ಕಸುಬೇ. ಅಮೆರಿಕದ ಬಾಸ್ಟನ್‌ನ ಜಾರ್ಜ್ ಫ್ರಾಂಕ್ಲಿನ್ ಗ್ರಾಂಟ್ ಅವರದ್ದೂ ಇದೇ ಕಸುಬು. ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದವರ ಮಗ, 1870ರಲ್ಲಿ ಹಾರ್ವರ್ಡ್‌ನಲ್ಲಿ ಹಲ್ಲಿನ ಡಾಕ್ಟರ್ ಆದರು. ಸೀಳು ಅಂಗುಳ ಇದ್ದವರಿಗೆ ಕೃತಕ ಅಂಗುಳ ಮಾಡುವುದರಲ್ಲಿ ಹೆಸರುವಾಸಿ. ಗಾಲ್ಫ್ ಅಂದರೆ ಪ್ರಾಣ. ಆಗ ಮೊದಲ ಹೊಡೆತಕ್ಕೆ ಪ್ರತಿ ಸಲ ಒದ್ದೆ ಮರಳನ್ನು ಗುಪ್ಪೆ ಮಾಡಿ ಅದರ ಮೇಲೆ ಚೆಂಡು ಇಡಬೇಕಿತ್ತು. ಅವರು ನೆಲಕ್ಕೆ ಚುಚ್ಚುವ ಮರದ ಗೂಟಕ್ಕೆ ಚೆಂಡು ಕೂರುವ ರಬ್ಬರ್ ಕೊಳವೆ ಸಿಕ್ಕಿಸಿ 1899ರ ಡಿಸೆಂಬರ್ 12ರಂದು ಪೇಟೆಂಟ್ ಪಡೆದರು. ಮಾರಲಿಲ್ಲ. ಸ್ನೇಹಿತರಿಗೆ ಸುಮ್ನೆ ಹಂಚಿದರು.

ಇಂಥ ಗೂಟ ಮಾರಿದ್ದು ಇನ್ನೊಬ್ಬ ಹಲ್ಲಿನ ಡಾಕ್ಟರೇ! ನ್ಯೂಜೆರ್ಸಿಯ ವಿಲಿಯಂ ಲೋವೆಲ್, 1920ರ ದಶಕದಲ್ಲಿ. ಗಾಲ್ಫ್‌ನಲ್ಲಿ ಚೆಂಡು ಇಡುವ ಗೂಟಕ್ಕೆ 'ಟೀ' ಅಂತಾರೆ; ಕೆಂಪು ಬಣ್ಣ (ರೆಡ್) ಬಳಿದದ್ದಕ್ಕೆ ಅದರ ಹೆಸರು 'ರೆಡ್ಡಿ ಟೀ'. ನಮ್ಮ ರೆಡ್ಡಿಗಳಿಗೂ ಅದಕ್ಕೂ ಸಂಬಂಧ ಇಲ್ಲ. ವಾಲ್ಟರ್ ಹೇಗನ್‌ನಂಥ ಸ್ಟಾರ್ ಆಟಗಾರನಿಗೆ ದುಡ್ಡು ಕೊಟ್ಟು ಬಳಸುವ ಹಾಗೆ ಮಾಡಿದರು, ಜನ ಮುಗಿಬಿದ್ದರು. ನಕಲು ಮಾಡುವವರೂ ಮುಗಿಬಿದ್ದರು.

ನಿಮಗೂ ಪೇಟೆಂಟ್ ಯೋಚನೆ ಇದ್ದರೆ, ನಾಲ್ಕು ಜನರಿಗೆ ತೋರಿಸುವ ಮೊದಲೇ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ. ಪೂರ್ತಿ ವಿವರ ಕೊಡಲು 12 ತಿಂಗಳು ಸಮಯ ಇರುತ್ತದೆ. ಆದರೆ ಮೊದಲು ಕ್ಲಿನಿಕ್ ಬಾಗಿಲು ತೆಗೆದು ಕೂತುಕೊಳ್ಳಿ. ಯಾವ ಆಟದಲ್ಲಿ ಏನು ಮುರಿಯುತ್ತೆ ಅಂತ ಗೊತ್ತಾಗೋದು ಅಲ್ಲೇ.

ನಮ್ಮ ರೈಡರ್‌ಗೆ ಈಗ ಹದಿನಾರು. ದವಡೆ ಬೆಳೆದು ಗಾರ್ಡ್ ಬಿಗಿ ಆಗಿದೆಯಂತೆ. ಶನಿವಾರ ಮತ್ತೆ ಅಳತೆ ತೆಗೀಬೇಕು.