ನಾನೂರು ಮಕ್ಕಳ ಶಾಲೆಗೆ ಸಂಕೋಚವೇಕೆ?

ನ್ಯೂಯಾರ್ಕ್‌ನ ಕ್ವೀನ್ಸ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: “ಮಗಳಿಗೆ ಸ್ಟೈವಸೆಂಟ್ ಹೈಸ್ಕೂಲಿನಲ್ಲಿ ಸೀಟು ಸಿಗಲಿಲ್ಲ. ಸಿಕ್ಕಿರುವುದು ನಾನೂರು ಮಕ್ಕಳ ಸಣ್ಣ ಸರ್ಕಾರಿ ಶಾಲೆ. ಊರಿನವರಿಗೆ ಹೇಳಲೂ ಸಂಕೋಚ. ಅಲ್ಲಿ ಓದಿದರೆ ಒಳ್ಳೆಯ ಕಾಲೇಜು ಸಿಕ್ಕೀತೆ?”

ಸೋದರಿ, ಸ್ಟೈವಸೆಂಟ್ ಹೆಸರುವಾಸಿ ಶಾಲೆ, ಒಪ್ಪಿದೆ. ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು, ರೋಆಲ್ಡ್ ಹಾಫ್‌ಮನ್‌ರಂಥ ನೊಬೆಲ್ ವಿಜ್ಞಾನಿಗಳು ಓದಿದ ಜಾಗ. ಆದರೆ ಒಂದೇ ಪ್ರವೇಶ ಪರೀಕ್ಷೆಯಲ್ಲಿ ಸೋಸಿ ತೆಗೆದ ಮಕ್ಕಳು ಮುಂದೆ ಬಂದರೆ ಅದರಲ್ಲಿ ಶಾಲೆಯ ಪಾಲೆಷ್ಟು, ಜರಡಿಯ ಪಾಲೆಷ್ಟು?

ನಿಮ್ಮ ಊರಿನದೇ ಕತೆ ಹೇಳುತ್ತೇನೆ. 1985ರಲ್ಲಿ ಡೆಬೊರಾ ಮೈಯರ್ ಎಂಬ ಶಿಕ್ಷಕಿ ಈಸ್ಟ್ ಹಾರ್ಲೆಮ್‌ನಲ್ಲಿ ಸೆಂಟ್ರಲ್ ಪಾರ್ಕ್ ಈಸ್ಟ್ ಸೆಕೆಂಡರಿ ಸ್ಕೂಲ್ ತೆರೆದರು. ಅದೂ ಸಣ್ಣ ಸರ್ಕಾರಿ ಶಾಲೆಯೇ, ಬಹುಪಾಲು ಬಡ ಕಪ್ಪು ಮತ್ತು ಲ್ಯಾಟಿನೋ ಮನೆಗಳ ಮಕ್ಕಳು. ಅಲ್ಲಿ ಪಾಸಾಗಲು ತಾವು ಮಾಡಿದ ಕೆಲಸದ 14 ಕಡತ (ಪೋರ್ಟ್‌ಫೋಲಿಯೊ) ಸಿದ್ಧಪಡಿಸಬೇಕಿತ್ತು. ಶಾಲೆ ಮುಗಿಸಿ ಮುಂದೇನು ಮಾಡುತ್ತೇನೆ ಎಂಬುದೂ ಅದರಲ್ಲೊಂದು. ಮುಖ್ಯವಾದವನ್ನು ಸಮಿತಿಯ ಮುಂದೆ ಕೂತು ಸಮರ್ಥಿಸಬೇಕು. ಸಮಿತಿಯಲ್ಲಿ ಮೇಷ್ಟ್ರುಗಳ ಜೊತೆ ವಿದ್ಯಾರ್ಥಿಯೇ ಆರಿಸಿಕೊಂಡ ಹಿರಿಯರೊಬ್ಬರು, ಇನ್ನೊಬ್ಬ ವಿದ್ಯಾರ್ಥಿ. ನಿನಗಿದು ಹೇಗೆ ಗೊತ್ತು? ಇದು ಯಾರ ಕಣ್ಣಿಗೆ ಕಂಡದ್ದು? ಬೇರೆ ಥರ ಆಗಬಹುದಿತ್ತೇ? ಹದಿನೇಳರ ಹುಡುಗಿ ಇದಕ್ಕೆಲ್ಲ ಬಾಯಿಬಿಟ್ಟು ಉತ್ತರ ಹೇಳಬೇಕು! ಕಾಲೇಜಿಗೆ ತಯಾರಿ ಅಂದರೆ ಇದಲ್ಲವೇ? ಅಲ್ಲಿ ಓದು ಮುಗಿಸಿದವರಲ್ಲಿ ಬಹುಪಾಲು ಮಂದಿ ಕಾಲೇಜು ಸೇರಿದರು.

ನಾನು ಓದಿದ ಹೈಸ್ಕೂಲಿನಲ್ಲಿ ‘ಎ’ಯಿಂದ ‘ಎಚ್’ವರೆಗೆ ಸೆಕ್ಷನ್ನುಗಳು. ಮೂರು ವರ್ಷ ನಾನು ನಲವತ್ತೇಳನೇ ನಂಬರ್. ಎಸ್ಸೆಸ್ಸೆಲ್ಸಿ ಮುಗಿಸಿ ಟೀಸಿ ತರಲು ಹೋದಾಗ ನಮ್ಮ ಕ್ಲಾಸ್ ಟೀಚರೇ “ಯಾವ ಸೆಕ್ಷನ್ನಪ್ಪಾ ನೀನು?” ಎಂದರು. ಅವರ ತಪ್ಪಲ್ಲ, ಅಷ್ಟು ಮುಖ ಯಾರ ನೆನಪಿನಲ್ಲಿ ನಿಂತಾವು? ನಿಮ್ಮಲ್ಲಿ ಎಷ್ಟೋ ಕಾಲೇಜುಗಳು ಅಂಕದ ಜೊತೆ ಮೇಷ್ಟ್ರ ಶಿಫಾರಸು ಪತ್ರವನ್ನೂ ಕೇಳುತ್ತವೆ. ನನ್ನ ಬಗ್ಗೆ ಅವರು ಏನು ಬರೆಯುತ್ತಿದ್ದರು?

ಸಂಕೋಚ ಅಂದಿರಲ್ಲ, ಆ ಮಾತು ನನಗೆ ನೋವು ತಂದಿತು. ಅದನ್ನು ನೀವು ಇಲ್ಲಿಂದಲೇ ಕಟ್ಟಿಕೊಂಡು ಹೋಗಿದ್ದೀರಿ. ಫಲಿತಾಂಶ ಬಂತೆಂದರೆ ಇಲ್ಲಿ ಬೀದಿ ತುಂಬ ಫ್ಲೆಕ್ಸು, 625ಕ್ಕೆ ಇಷ್ಟು ತೆಗೆದವರ ಫೋಟೋ. ಅದರ ಬೆನ್ನಿಗೇ ನೀಟು, ಸಿಇಟಿ ಕೋಚಿಂಗು. ‘ಇದನ್ನೇಕೆ ಓದುತ್ತಿದ್ದೀಯ ಮಗು’ ಎಂದು ಕೇಳಲು ಯಾರಿಗೂ ಪುರಸೊತ್ತಿಲ್ಲ. ಇತ್ತ ನಮ್ಮ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಡಿಮೆಯಾದರೆ ತಕ್ಷಣ ವಿಲೀನದ ಮಾತು. ಮೇಷ್ಟ್ರು ಪ್ರತಿ ಮಗುವಿನ ಹೆಸರು ಹಿಡಿದು ಕರೆಯಬಲ್ಲ ಶಾಲೆಯನ್ನು ನಷ್ಟದ ಬಾಬ್ತು ಎಂದು ಲೆಕ್ಕ ಹಾಕಲು ನಮಗೆ ಕಲಿಸಿದವರು ಯಾರು?

ನೀವೊಮ್ಮೆ ಆ ಸಣ್ಣ ಶಾಲೆಗೆ ಹೋಗಿ ಬನ್ನಿ. ಒಬ್ಬೊಬ್ಬ ಮೇಷ್ಟ್ರ ಉಸ್ತುವಾರಿಯಲ್ಲಿ ಎಷ್ಟು ಮಕ್ಕಳು, ಕಾಲೇಜಿನ ಅರ್ಜಿಯನ್ನು ಪಕ್ಕದಲ್ಲಿ ಕೂತು ಬರೆಸುವವರು ಯಾರು, ಕೇಳಿ. ಉತ್ತರ ಸಮಾಧಾನ ತಂದರೆ ಊರಿಗೆ ಫೋನು ಮಾಡಿ ಶಾಲೆಯ ಹೆಸರನ್ನು ಗಟ್ಟಿಯಾಗಿ ಹೇಳಿ.

– ಸಂ.