ಮಳೆಗಾಲದ ನಂತರ ಬಿಗಿಯಾದ ಡ್ರಾಪರ್ ಸೀಟ್‌ಪೋಸ್ಟ್

ಪ್ರಶ್ನೆ: ನನ್ನ ಮೌಂಟನ್ ಬೈಕಿನ ಡ್ರಾಪರ್ ಸೀಟ್‌ಪೋಸ್ಟ್, ಅಂದರೆ ಲಿವರ್ ಒತ್ತಿ ಸೀಟನ್ನು ಏರಿಸಿ ಇಳಿಸುವ ಕಂಬ, ಒಂದೂವರೆ ವರ್ಷ ಚೆನ್ನಾಗಿ ಕೆಲಸ ಮಾಡಿತ್ತು. ಈ ಸಲ ಮಳೆಗಾಲದುದ್ದಕ್ಕೂ ಬೆಟ್ಟದ ಕಾಲುದಾರಿಗಳಲ್ಲಿ ಓಡಿಸಿದ ಮೇಲೆ, ಲಿವರ್ ಒತ್ತಿದರೆ ಸೀಟು ಅರ್ಧಕ್ಕೆ ಏರಿ ನಿಲ್ಲುತ್ತಿದೆ. ಕೈಯಿಂದ ಎಳೆದರೆ ಮಾತ್ರ ಪೂರ್ತಿ ಬರುತ್ತದೆ. ದೀಪಾವಳಿಯ ಹೊತ್ತಿಗೆ ತೆಂಗಿನೆಣ್ಣೆ ಸವರಿದೆ. ಒಂದು ವಾರ ಸರಿಯಿತ್ತು. ಈಗ ಡಿಸೆಂಬರಿನಲ್ಲಿ ಬೆಳಗಿನ ಹೊತ್ತು ಮೊದಲಿಗಿಂತಲೂ ಬಿಗಿ, ಮಧ್ಯಾಹ್ನ ಸ್ವಲ್ಪ ಸಡಿಲ. ಬೆಂಗಳೂರಿಗೆ ಕಳಿಸಬೇಕೇ ಅಥವಾ ಮನೆಯಲ್ಲಿಯೇ ಬಿಚ್ಚಬಹುದೇ? — ಓದುಗರು, ಶಿರಸಿ

ಉತ್ತರ: ಬೆಳಿಗ್ಗೆ ಬಿಗಿ, ಮಧ್ಯಾಹ್ನ ಸಡಿಲ ಎಂದು ನೀವು ಗಮನಿಸಿ ಬರೆದದ್ದು ಒಳ್ಳೆಯದಾಯಿತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬಚ್ಚಲುಮನೆಯ ಬಾಟಲಿಯಲ್ಲಿ ಬೆಳಿಗ್ಗೆ ಏನಾಗಿರುತ್ತದೆಯೋ ನಿಮ್ಮ ಸೀಟ್‌ಪೋಸ್ಟಿನ ಸಂದಿಯಲ್ಲಿಯೂ ಅದೇ ಆಗಿದೆ. ಆದರೆ ಎಣ್ಣೆ ಹಚ್ಚಿದ್ದು ದೀಪಾವಳಿಗೆ, ತೊಂದರೆ ಶುರುವಾದದ್ದು ಅದಕ್ಕೂ ಮೊದಲು. ಹಾಗಾಗಿ ಎಣ್ಣೆಯದು ಎರಡನೆಯ ಕಾಯಿಲೆ; ಮೊದಲನೆಯದನ್ನು ಹುಡುಕಬೇಕು. ಎಷ್ಟೋ ಸಲ ಅದಕ್ಕಾಗಿ ಪೋಸ್ಟನ್ನು ಬಿಚ್ಚುವ ಅಗತ್ಯವೇ ಬೀಳುವುದಿಲ್ಲ.

ಡ್ರಾಪರಿನ ಹೊರಕೊಳವೆಯೊಳಗೆ ನುಣುಪಾದ ಒಳಕೊಳವೆಯೊಂದು ಜಾರುತ್ತದೆ. ಒತ್ತಡದಲ್ಲಿ ಅನಿಲ ತುಂಬಿದ ಕಾರ್ಟ್ರಿಜ್ ಅದನ್ನು ಮೇಲಕ್ಕೆ ನೂಕುತ್ತದೆ. ಹ್ಯಾಂಡಲಿನ ಲಿವರ್ ಕೇಬಲನ್ನು ಎಳೆದು ಕಾರ್ಟ್ರಿಜ್‌ನ ಕವಾಟವನ್ನು ತೆರೆದಾಗ ಮಾತ್ರ ಅದು ಚಲಿಸುತ್ತದೆ. ಸೀಟನ್ನು ಇಳಿಸುವುದು ನಿಮ್ಮ ಮೈಭಾರ, ಏರಿಸುವುದು ಅನಿಲವೊಂದೇ. ಒಳಗೆಲ್ಲಾದರೂ ಘರ್ಷಣೆ ಹೆಚ್ಚಿದರೆ ಇಳಿಸುವಾಗ ಅದು ಮೈಭಾರದಡಿ ಮುಚ್ಚಿಹೋಗಿ, ಏರುವಾಗ ಬಯಲಾಗುವುದು ಈ ಕಾರಣದಿಂದಲೇ.

ಮೊದಲು ಪೋಸ್ಟನ್ನು ಫ್ರೇಮಿಗೆ ಬಿಗಿದು ಹಿಡಿಯುವ ಸೀಟ್ ಕ್ಲಾಂಪಿನ ಬೋಲ್ಟನ್ನು ಆಲನ್ ಕೀಯಿಂದ ಅರ್ಧ ಸುತ್ತು ಸಡಿಲಿಸಿ ಲಿವರ್ ಒತ್ತಿ ನೋಡಿ. ಸೀಟು ಚುರುಕಾಗಿ ಮೇಲೆ ಬಂದರೆ ನಿಮ್ಮ ಪತ್ತೇದಾರಿಕೆ ಅಲ್ಲಿಗೇ ಮುಗಿಯಿತು. ಹಳೆಯ ಸೈಕಲ್ಲಿನಲ್ಲಿ ಸೀಟು ಕುಸಿಯದಿರಲೆಂದು ಬೋಲ್ಟನ್ನು ಕೈಲಾದಷ್ಟು ಬಿಗಿಯುತ್ತಿದ್ದ ನಮ್ಮ ಅಭ್ಯಾಸ ಇಲ್ಲಿ ಕೆಡುಕು ಮಾಡುತ್ತದೆ. ಡ್ರಾಪರಿನ ಹೊರಕೊಳವೆ ತೆಳುವಾದ ಅಲ್ಯೂಮಿನಿಯಮ್ಮಿನದು, ಕ್ಲಾಂಪ್ ಅದನ್ನು ಕೂದಲೆಳೆಯಷ್ಟು ಹಿಸುಕಿದರೂ ಒಳಗಿನ ಬುಶ್ (ಒಳಕೊಳವೆ ಜಾರುವ ಬಳೆ) ಒಳಕೊಳವೆಯನ್ನು ಕಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್ ಬಿಗಿ ಸಾಕು. ಕ್ಲಾಂಪಿನ ಮೇಲೆ ಬೇರೆ ಅಂಕಿ ಅಚ್ಚಾಗಿದ್ದರೆ ಅದನ್ನೇ ಅನುಸರಿಸಿ. ಅಷ್ಟು ಬಿಗಿಗೆ ಪೋಸ್ಟ್ ಫ್ರೇಮಿನಲ್ಲಿ ಜಾರುವುದಾದರೆ ಇನ್ನೂ ಬಿಗಿಯದೆ, ಸಂದಿಗೆ ಸಣ್ಣ ಹರಳುಗಳಿರುವ ಕಾರ್ಬನ್ ಪೇಸ್ಟ್ ಹಚ್ಚಬೇಕು.

ಕ್ಲಾಂಪಿನಿಂದ ಗುಣ ಕಾಣದಿದ್ದರೆ ಮುಂದಿನ ಗುಮಾನಿ ಕೇಬಲಿನ ಮೇಲೆ. ಲಿವರಿನ ಕಡೆಯಿಂದ ಕೇಬಲನ್ನು ಒಳಕ್ಕೆ ತಳ್ಳುತ್ತ ಪೋಸ್ಟನ್ನು ಫ್ರೇಮಿನಿಂದ ನಿಧಾನವಾಗಿ ಹೊರತೆಗೆಯಿರಿ, ಬುಡದಲ್ಲಿ ಕೇಬಲನ್ನು ಕಳಚಿ, ಕವಾಟದ ಸಣ್ಣ ತೋಳನ್ನು ಬೆರಳಿನಿಂದ ಒತ್ತಿ. ಸೀಟಿಗೆ ಮುಖ ಅಡ್ಡ ಹಿಡಿಯಬೇಡಿ, ಅದು ಚಿಮ್ಮಿ ಬರುತ್ತದೆ. ಹಾಗೆ ಚಿಮ್ಮಿದರೆ ಪೋಸ್ಟ್ ಆರೋಗ್ಯವಾಗಿದೆ, ಮಳೆನೀರು ಇಳಿದು ತುಕ್ಕು ಹಿಡಿದದ್ದು ಕೇಬಲಿಗೆ ಎಂದರ್ಥ. ಆಗ ಒಳತಂತಿಯನ್ನೂ ಹೊರಕವಚವನ್ನೂ ಒಟ್ಟಿಗೇ ಬದಲಿಸುವುದು ಲೇಸು. ಹಳೆಯ ಕವಚದೊಳಗೆ ಹೊಸ ತಂತಿ ತೂರಿಸಿದರೆ ಬರುವ ಮಳೆಗಾಲಕ್ಕೆ ಮತ್ತೆ ಇದೇ ಪತ್ರ ಬರೆಯುತ್ತೀರಿ. ಮರುಜೋಡಿಸಿದ ಮೇಲೆ ಕೇಬಲಿನ ಸೆಳೆತವನ್ನೂ ಹೊಂದಿಸಬೇಕು. ತೀರಾ ಸಡಿಲವಾದರೆ ಕವಾಟ ಪೂರ್ತಿ ತೆರೆಯದೆ ಸೀಟು ಆಮೆಯಂತೆ ಏರುತ್ತದೆ, ತೀರಾ ಬಿಗಿಯಾದರೆ ಕವಾಟ ಮುಚ್ಚದೆ ನೀವು ಕುಳಿತಲ್ಲೇ ಕುಸಿಯುತ್ತದೆ.

ನಿಮ್ಮ ಪ್ರಕರಣದಲ್ಲಿ ಈ ಎರಡು ಪರೀಕ್ಷೆಗಳೂ ಪೋಸ್ಟನ್ನೇ ಬೊಟ್ಟು ಮಾಡುವ ಸಂಭವ ಹೆಚ್ಚು. ಶಿರಸಿ ಸುತ್ತಿನ ಜಂಬಿಟ್ಟಿಗೆಯ ಕೆಂಪು ಮಣ್ಣು ನೀರಿನಲ್ಲಿ ನುಣ್ಣಗೆ ಕರಗಿ ಹಿಂದಿನ ಚಕ್ರದಿಂದ ನೇರವಾಗಿ ಹೊರಕೊಳವೆಯ ಬಾಯಲ್ಲಿರುವ ರಬ್ಬರ್ ಸೀಲಿನ ಅಂಚಿಗೆ ಹಾರುತ್ತದೆ. ಅದು ಎಣ್ಣೆಯೊಂದಿಗೆ ಬೆರೆತರೆ ಪಾಲಿಶ್ ಅಂಗಡಿಯ ಉಜ್ಜುಪುಡಿಯಂತೆಯೇ ಸರಿ. ಬೈಕನ್ನು ತೊಳೆಯಲು ತೋಟದ ಮೋಟಾರಿನ ಪೈಪನ್ನು ಸೀಲಿಗೆ ಗುರಿಯಿಟ್ಟು ಹಿಡಿಯುವ ರೂಢಿ ನಿಮಗಿದ್ದರೆ, ಮಣ್ಣು ಒಳಗೆ ಹೋದದ್ದು ಅದರಿಂದಲೇ ಇರಬಹುದು.

ಕಾರ್ಟ್ರಿಜ್ ಇರುವ ಪೋಸ್ಟನ್ನು ಮನೆಯಲ್ಲಿ ಧಾರಾಳವಾಗಿ ಬಿಚ್ಚಬಹುದು. ಸೀಲಿರುವ ಕಾಲರ್ (ತಿರುಪಿನ ಬಳೆ) ಬಹುತೇಕ ಮಾದರಿಗಳಲ್ಲಿ ಕೈಯಿಂದಲೇ ತಿರುಗುತ್ತದೆ. ಅದನ್ನು ಮೇಲಕ್ಕೆ ಸರಿಸಿ ಅಲ್ಲಿನ ಕೆಸರು ಒರೆಸಿ ಗ್ರೀಸ್ ಹಚ್ಚುವುದರಿಂದಲೇ ಅರ್ಧ ಪೋಸ್ಟುಗಳು ಸರಿಹೋಗುತ್ತವೆ. ನಿಮ್ಮದರಲ್ಲಿ ಹೆಪ್ಪುಗಟ್ಟಿದ ಎಣ್ಣೆಯೂ ಇರುವುದರಿಂದ ಇನ್ನೂ ಆಳಕ್ಕೆ ಇಳಿಯಬೇಕು: ಬುಡದ ಕವಾಟದ ಜೋಡಣೆಯನ್ನು ಬಿಚ್ಚಿ, ಒಳಕೊಳವೆಯನ್ನು ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಸೀಟು ಎಡಬಲಕ್ಕೆ ತಿರುಗದಂತೆ ತಡೆಯುವ ಸಣ್ಣ ಹಿತ್ತಾಳೆಯ ಕೀಲಿಗಳು ಆಗ ಕಾಣಿಸುತ್ತವೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡಿರಿ, ಯಾವ ಕೀಲಿ ಯಾವ ಕೊರಕಲಿನಲ್ಲಿತ್ತು ಎಂದು ಫೋಟೊ ತೆಗೆದಿಡಿ. ಇವು ಕೂದಲೆಳೆಯ ವ್ಯತ್ಯಾಸದ ಹಲವು ಅಳತೆಗಳಲ್ಲಿ ಬರುತ್ತವೆ. ಬದಲಿಸುವಾಗ ಒಂದಳತೆ ದಪ್ಪದ್ದನ್ನು ಹಾಕಿದರೆ ಪೋಸ್ಟ್ ಹೊಸದಾಗಿ ಬಿಗಿಯಾಗುತ್ತದೆ. ಸೀಟಿನ ಮೂತಿಯಲ್ಲಿ ತುಸು ಆಟವಿರುವುದು ದೋಷವಲ್ಲ, ಅದನ್ನು ಹೋಗಲಾಡಿಸಲು ಹೊರಟವರೇ ಹೆಚ್ಚಾಗಿ ಪೋಸ್ಟನ್ನು ಕೆಡಿಸಿಕೊಳ್ಳುತ್ತಾರೆ.

ಎಲ್ಲ ಭಾಗಗಳನ್ನೂ ಔಷಧ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಪೆಟ್ರೋಲ್, ಸೀಮೆಎಣ್ಣೆ ಬೇಡ, ಅವು ರಬ್ಬರಿನ ಸೀಲನ್ನು ಉಬ್ಬಿಸುತ್ತವೆ. ತುಕ್ಕು ಬಿಡಿಸುವ ಸ್ಪ್ರೇಯೂ ಬೇಡ, ಅದು ಇರುವ ಗ್ರೀಸನ್ನು ತೊಳೆದುಹಾಕುತ್ತದೆ. ಗಾಡಿಗಳ ಬೇರಿಂಗಿಗೆ ಹಾಕುವ ಮಂದ ಗ್ರೀಸ್ ಒಳಕೊಳವೆಯನ್ನು ಅಂಟಿಸಿ ಹಿಡಿಯುತ್ತದೆ. ಸೈಕಲ್ಲಿನ ಸಸ್ಪೆನ್ಶನ್‌ಗೆಂದು ಮಾರುವ ತೆಳುವಾದ ಗ್ರೀಸನ್ನು ಬುಶ್ಶಿಗೆ ಒಂದು ಪದರ, ಕೀಲಿಗಳಿಗೂ ಅವು ಓಡುವ ಕೊರಕಲುಗಳಿಗೂ ಕೊಂಚ ಹೆಚ್ಚು ಹಚ್ಚಿ ಜೋಡಿಸಿ, ಕಾಲರನ್ನು ಕೈಯಿಂದಲೇ ಬಿಗಿಯಿರಿ. ಕೆಲಸ ಮಾಡುವಾಗ ಒಳಕೊಳವೆಯನ್ನು ವೈಸಿಗೆ ಕಚ್ಚಿಸಬಾರದು. ಅದರ ಮೇಲೆ ಬಿದ್ದ ಒಂದು ಗೀರು ಸೀಲನ್ನು ದಿನವೂ ಕೊಯ್ಯುತ್ತಿರುತ್ತದೆ.

ಕಾರ್ಟ್ರಿಜ್ಜನ್ನು ಮಾತ್ರ ಯಾವ ಕಾರಣಕ್ಕೂ ಕೊರೆಯಬೇಡಿ, ಬಿಸಿ ಮಾಡಬೇಡಿ. ಏರಿಸಿದ ಸೀಟು ನೀವು ಕುಳಿತಾಗ ಸ್ಪ್ರಿಂಗಿನಂತೆ ಕುಗ್ಗುತ್ತಿದ್ದರೆ ದೋಷ ಅದರೊಳಗಿನದು, ಗ್ರೀಸಿನಿಂದ ಹೋಗುವಂಥದ್ದಲ್ಲ. ಹೊಸ ಕಾರ್ಟ್ರಿಜ್ ಹಾಕಬೇಕು. ರಾಕ್‌ಶಾಕ್ಸ್ ರೆವರ್ಬ್‌ನಂಥ ಪೋಸ್ಟುಗಳಲ್ಲಿ ಬಿಡಿ ಕಾರ್ಟ್ರಿಜ್ ಇರದೆ ಎಣ್ಣೆ ಮತ್ತು ಗಾಳಿ ಪೋಸ್ಟಿನೊಳಗೇ ಇರುತ್ತವೆ. ನಿಮ್ಮದು ಆ ಜಾತಿಯದಾದರೆ ಬೆಂಗಳೂರಿಗೆ ಕಳಿಸುವುದೇ ಸರಿ. ಇಳಿಸಿದ ಸೀಟನ್ನು ಹಿಡಿದು ಬೈಕನ್ನು ಎತ್ತುವುದಾಗಲಿ, ದೇವಿಮನೆ ಘಟ್ಟ ಇಳಿಯುವಾಗ ಕಾರಿನ ಹಿಂದೆ ಹಾಗೆ ತೂಗುಹಾಕುವುದಾಗಲಿ ಇಂಥ ಪೋಸ್ಟುಗಳಿಗೆ ಒಗ್ಗದು. ಎಣ್ಣೆಯ ಕೋಣೆಗೆ ಗಾಳಿ ಸೇರುತ್ತದೆ. ಇನ್ನು ಮುಂದೆ ಪ್ರತಿ ಸವಾರಿಯ ನಂತರ ಒಳಕೊಳವೆಯನ್ನು ಒರೆಸಿ, ಸೀಟನ್ನು ಏರಿಸಿಯೇ ನಿಲ್ಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಕಾಲರ್ ತೆಗೆದು ಗ್ರೀಸ್ ಹಚ್ಚಿ.

ಪ್ರಶ್ನೆ: ಸಮುದ್ರದ ದಂಡೆಗೆ ಹತ್ತಿರದ ಮನೆ ನಮ್ಮದು. ಡ್ರಾಪರ್ ಕೆಲಸ ಮಾಡುತ್ತದೆ, ಆದರೆ ಸರ್ವಿಸಿಗೆಂದು ಹೊರತೆಗೆಯಲು ಹೋದರೆ ಫ್ರೇಮಿನಿಂದಲೇ ಕದಲುತ್ತಿಲ್ಲ. — ಓದುಗರು, ಕಾರವಾರ

ಉತ್ತರ: ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಮ್ ಸವೆದು ಬಿಳಿಯ ಪುಡಿಯಾಗುತ್ತದೆ, ಆ ಪುಡಿ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಪೋಸ್ಟನ್ನು ಫ್ರೇಮಿಗೆ ಬೆಣೆ ಹೊಡೆದಂತೆ ಬಿಗಿಯುತ್ತದೆ. ಫ್ರೇಮ್ ಕಾರ್ಬನ್ನಿನದಾಗಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಕ್ಲಾಂಪನ್ನು ಪೂರ್ತಿ ಕಳಚಿ, ಕೇಬಲನ್ನು ಲಿವರಿನ ಕಡೆ ಬಿಡಿಸಿ, ಫ್ರೇಮೂ ಪೋಸ್ಟೂ ಕೂಡುವ ಅಂಚಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಹನಿಸಿ ಒಂದು ರಾತ್ರಿ ಬಿಡಿ. ಮೇಲಿನ ಸೀಲಿಗೆ ಅದು ತಾಗದಿರಲಿ. ಮರುದಿನ ಸೀಟು ಹಿಡಿದು ತಿರುಚುವ ಆಸೆ ಸಹಜ, ಆದರೆ ಮಾಮೂಲಿ ಸೀಟ್‌ಪೋಸ್ಟಿಗೆ ಸಲ್ಲುವ ಆ ಉಪಾಯ ಡ್ರಾಪರಿಗೆ ಸಲ್ಲದು. ತಿರುಚುವ ಬಲವೆಲ್ಲ ಹಿತ್ತಾಳೆಯ ಕೀಲಿಗಳ ಮೇಲೆ ಬಿದ್ದು ಅವು ಕತ್ತರಿಸಿಹೋಗುತ್ತವೆ. ಫ್ರೇಮಿನ ಮೇಲೆ ಹೊರಗೆ ಕಾಣುವ ಹೊರಕೊಳವೆಯನ್ನೇ ಪಟ್ಟಿ ಸ್ಪ್ಯಾನರಿನಿಂದ ಹಿಡಿದು ಹಿಂದೆ ಮುಂದೆ ಸ್ವಲ್ಪಸ್ವಲ್ಪವೇ ಅಲುಗಿಸಿ, ಎರಡು ಮೂರು ದಿನ ಹಿಡಿದರೂ ತಾಳ್ಮೆಯಿರಲಿ. ಹೊರಬಂದ ಮೇಲೆ ಫ್ರೇಮಿನ ಒಳಗನ್ನು ಒರೆಸಿ ಒಣಗಿಸಿ, ಲೋಹದ ಫ್ರೇಮಾದರೆ ತೆಳುವಾಗಿ ಗ್ರೀಸ್, ಕಾರ್ಬನ್ ಫ್ರೇಮಾದರೆ ಕಾರ್ಬನ್ ಪೇಸ್ಟ್ ಹಚ್ಚಿ ಕೂರಿಸಿ. ಕಾರವಾರದಲ್ಲಿ ಎರಡು ತಿಂಗಳಿಗೊಮ್ಮೆ ಹೀಗೆ ಹೊರತೆಗೆದು ಒರೆಸಿ ಇಟ್ಟರೆ ಪಟ್ಟಿ ಸ್ಪ್ಯಾನರಿನ ಕೆಲಸ ಬೀಳದು.