ಕೋಡಿಬೆಂಗ್ರೆ ಅಳಿವೆಯ ರಿಸೀವರ್‌ಗೆ ಎರಡು ತಿಂಗಳಾದ ಮೇಲೆ ಟ್ಯಾಗ್ ಸರಿಯಾಗಿ ಸಿಗುತ್ತಿಲ್ಲ: ಪ್ರತಿಕ್ರಿಯೆ

ಮೀನುಗಳಿಗೆ ಹಾಕಿದ, ಸದ್ದು ಹೊರಡಿಸುವ ಟ್ಯಾಗ್‌ಗಳನ್ನು ನೀರಿನೊಳಗಿಂದ ಕೇಳಿ ಎಣಿಸುವ ನಿಮ್ಮ ರಿಸೀವರ್‌ನಲ್ಲಿ ಎಣಿಕೆ ಮೆಲ್ಲಗೆ ಇಳಿಯುತ್ತಿದೆ ಅಂದಿರಲ್ಲ, ಅದರ ಹೈಡ್ರೋಫೋನ್ (ನೀರೊಳಗಿನ ಮೈಕ್) ತುದಿಗೆ ಬಾರ್ನಕಲ್ (ಅಂಟಿಕೊಂಡು ಬೆಳೆಯುವ ಚಿಪ್ಪುಜೀವಿ) ಕಟ್ಟಿರಬೇಕು. ಬ್ಯಾಟರಿ ಅಲ್ಲ ಅನಿಸುತ್ತದೆ, ಅದು ಹೋದರೆ ಎಣಿಕೆ ಮೆಲ್ಲಗೆ ಇಳಿಯುವುದಿಲ್ಲ, ಪೂರ್ತಿ ನಿಲ್ಲುತ್ತದೆ.

ಸೆಳೆತ ನಿಂತ ಹೊತ್ತು ನೋಡಿ ರಿಸೀವರ್ ಮೇಲೆತ್ತಿ. ತುದಿಯನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ. ಚೂರಿ ಬೇಡ, ಗೀರು ಬಿದ್ದರೆ ಕೆಲಸ ಕೆಟ್ಟಿತು. ರಿಸೀವರಿನ ಮೈಗೆ ಮಾತ್ರ ಇನ್ಸುಲೇಶನ್ ಟೇಪ್ ಸುತ್ತಿ. ಮುಂದಿನ ಸಲ ಟೇಪ್ ಕಿತ್ತರೆ ಚಿಪ್ಪೂ ಜೊತೆಗೇ ಬರುತ್ತದೆ. ಮತ್ತೆ ಇಳಿಸಿ, ದೋಣಿಯಿಂದ ಟೆಸ್ಟ್ ಟ್ಯಾಗ್ ಇಳಿಬಿಟ್ಟು 100, 200, 300 ಮೀಟರ್ ದೂರದಲ್ಲಿ ಹತ್ತತ್ತು ನಿಮಿಷ ನಿಲ್ಲಿ. ಇಂಜಿನ್ ಬಂದ್ ಇರಲಿ.

ಆಗಲೂ ಎಣಿಕೆ ಕಡಿಮೆ ಬಂದರೆ ಇಳಿತದ ಸೆಳೆತಕ್ಕೆ ರಿಸೀವರ್ ಕಟ್ಟಿದ ಹಗ್ಗ ವಾಲುತ್ತಿರಬಹುದು. ಸ್ವರ್ಣಾ, ಸೀತಾ ನದಿ ಎರಡೂ ಅಲ್ಲೇ ಕಡಲು ಸೇರೋದು ಅಲ್ವಾ. ದೊಡ್ಡ ಬೋಯ್ (ತೇಲುಬುರುಡೆ) ಕಟ್ಟಿ, ಲಂಗರಿನ ಭಾರ ಜಾಸ್ತಿ ಮಾಡಿ. ಹತ್ತಿರ ಬಂಡೆ ಇದ್ದರೆ ಜಾಗವನ್ನೇ ಬದಲಿಸಿ: ಚಟಪಟ ಅನ್ನುವ ಸಿಗಡಿಗಳ ಗಲಾಟೆಯಲ್ಲಿ 69 ಕಿಲೋಹರ್ಟ್ಸ್ ಟ್ಯಾಗಿನ ಸದ್ದು ಮುಳುಗಿಹೋಗುತ್ತದೆ.